ವನಜಾಕ್ಷಿ ಟೀಚರ್ ಹೆಸರಿನ ಕಾಮೆಂಟ್

“ಮುಂದಿನ ಕಾಮೆಂಟ್ ಚನ್ನಗಿರಿ ವನಜಾಕ್ಷಿ ಟೀಚರ್ ಅವರದ್ದು!”

ಫೋನಿನಲ್ಲಿ ವಿನಯಣ್ಣ ಪಟಪಟ ಓದಿದ. “ಜಗಳೂರಿನ ಎಮ್ಮೆಗೆ ಸ್ಟೇರಿಂಗ್ ಯಾಕೆ ಕೊಟ್ರಿ? ಮೇಯಾಕೆ ಬಿಡ್ರಿ!” ಓದಿದ ಮೇಲೆ ಅವನೇ ನಾಲಿಗೆ ಕಚ್ಚಿಕೊಂಡ.

ಬರೆದವಳು ಅಕ್ಷಿತಾ. ಆದರೆ ಫೋನು ಅಮ್ಮನದು, ಅದರಲ್ಲಿರುವ ಹೆಸರೂ ಅಮ್ಮನದು. ಬರೆಯುವ ಅವಸರದಲ್ಲಿ ಅದು ನೆನಪೇ ಆಗಿರಲಿಲ್ಲ.

ಅವತ್ತು ಆನ್‌ಲೈನ್ ಕಾರ್ ರೇಸಿನ ಫೈನಲ್. ಚನ್ನಗಿರಿ ಟೀಮಿಗೂ ಜಗಳೂರು ಟೀಮಿಗೂ ಪೈಪೋಟಿ. ಕಾಮೆಂಟರಿ ಹೊನ್ನಾಳಿಯ ವಿನಯಣ್ಣನದು. ನೋಡುವವರು ಬರೆದದ್ದನ್ನೆಲ್ಲ ಹೆಸರು ಹೇಳಿ ಓದುವುದು ಅವನ ರೂಢಿ.

ಜಗಳೂರಿನ ರುದ್ರಾಣಿಯ ಕಾರು ಎರಡು ಸಲ ಹಳ್ಳಕ್ಕೆ ಬಿದ್ದಿತ್ತು. ಏಳನೇ ಕ್ಲಾಸಿನ ಹುಡುಗಿ. ಪರದೆಯ ಮೂಲೆಯಲ್ಲಿ ಅವಳ ಮುಖ ಕಾಣುತ್ತಿತ್ತು. ಕಾಮೆಂಟ್ ಕೇಳಿ ತಲೆ ತಗ್ಗಿಸಿದಳು. ಹೆಡ್‌ಫೋನ್ ತೆಗೆದಿಟ್ಟು ಎದ್ದು ಹೋದಳು.

“ಹತ್ತು ನಿಮಿಷ ಬ್ರೇಕ್” ಅಂದ ವಿನಯಣ್ಣ.

ಮಾತು ಆಡಿದರೆ ಹೋಯ್ತು ಅನ್ನುತ್ತಾರೆ. ಇದು ಹೋಗಲೂ ಇಲ್ಲ, ಪರದೆಯ ಮೇಲೇ ಕೂತಿತ್ತು.

ಅಷ್ಟರಲ್ಲಿ ಫೋನ್ ರಿಂಗಾಯಿತು. ಅಮ್ಮ ಬಂದು ಎತ್ತಿಕೊಂಡಳು. ಅಂಗನವಾಡಿಯಲ್ಲಿ ಅಮ್ಮನ ಜೊತೆ ಕೆಲಸ ಮಾಡುವ ಸರ್ವಮಂಗಳಮ್ಮ.

“ಟೀಚರ್, ನೀವು ಹಿಂಗೂ ಬೈತೀರಾ ಅಂತ ನನ್ನ ಮೊಮ್ಮಗ ಕೇಳ್ತಾ ಐದಾನೆ!”

ವಿಷಯ ತಿಳಿದ ಅಮ್ಮ ಮಗಳ ಮುಖ ನೋಡಿದಳು. “ನಾನು ಯಾವ ಮಗೀಗಾದ್ರೂ ಹಿಂಗೆ ಅಂದಿದ್ದು ಕೇಳಿದೀಯೇನೆ?”

ಅಷ್ಟೇ. ಎರಡೇಟು ಬಿದ್ದಿದ್ದರೂ ಚೆನ್ನಾಗಿತ್ತು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸಿತು ಅಕ್ಷಿತಾಳಿಗೆ.

“ಅಮ್ಮ, ನಾನೇ ಹೇಳ್ತೀನಿ” ಅಂದಳು.

ಪರದೆಯ ಮೇಲೆ ವಿನಯಣ್ಣನ ನಂಬರ್ ಇತ್ತು; ಅದಕ್ಕೆ ಫೋನ್ ಮಾಡಿದಳು. ಅವನು ಎದ್ದು ಹೋಗಿದ್ದ ರುದ್ರಾಣಿಗೂ ಫೋನ್ ಮಾಡಿ, ಇಬ್ಬರನ್ನೂ ಲೈವಿಗೆ ಹಾಕಿದ.

“ನಾನು ಅಕ್ಷಿತಾ. ಐದನೇ ಕ್ಲಾಸ್. ಅದನ್ನ ಬರೆದಿದ್ದು ನಾನು, ನಮ್ಮಮ್ಮ ಅಲ್ಲ.” ಅಮ್ಮನ ಕಡೆ ನೋಡಿ ಮುಂದುವರಿಸಿದಳು. “ರುದ್ರಾಣಿ ಅಕ್ಕ, ತಪ್ಪಾತು.”

ಆ ಕಡೆಯಿಂದ ರುದ್ರಾಣಿಯ ಸಣ್ಣ ದನಿ ಬಂತು.

“ಟೀಚರೇ ಹಿಂಗೆ ಅಂದ್ರಲ್ಲ, ಹಂಗಾದ್ರೆ ನಿಜಾನೇ ಇರ್ಬೇಕು ಅಂದ್ಕಂಡಿದ್ದೆ.”



ಬ್ರೇಕ್ ಮುಗಿಯಿತು. ರುದ್ರಾಣಿ ಮತ್ತೆ ಹೆಡ್‌ಫೋನ್ ಹಾಕಿಕೊಂಡಳು. ಮೂರನೇ ತಿರುವಿನಲ್ಲಿ ಅವಳ ಕಾರು ಮತ್ತೆ ಹಳ್ಳಕ್ಕೆ ಬಿತ್ತು. ಯಾರ್ಯಾರೋ ಕಾಮೆಂಟಿನಲ್ಲಿ ನಗುವ ಮುಖದ ಗೊಂಬೆಗಳನ್ನು ಕಳಿಸಿದರು.

ಅಕ್ಷಿತಾ ಅಮ್ಮನನ್ನು ಕೇಳಿ ಫೋನ್ ಇಸಿದುಕೊಂಡಳು. “ಅಕ್ಕ, ನಿಧಾನಕ್ಕೆ ಹಿಂದಕ್ಕೆ ತಗೋ, ಬರ್ತೈತೆ” ಎಂದು ಬರೆದಳು.

ಕಳಿಸುವ ಮುನ್ನ ಬೆರಳು ನಿಂತಿತು. ಕೊನೆಯಲ್ಲಿ ಇನ್ನೊಂದು ಪದ ಸೇರಿಸಿದಳು. ಅಕ್ಷಿತಾ.