ಎರಡು ಕ್ಯಾಪ್ಚರ್ ಕಾರ್ಡುಗಳು

ಇದು ಉರಿಗಾಂನ ನಮ್ಮ ಮನೆಯಲ್ಲಿ ಹಗಲು ಹೊತ್ತಿನಲ್ಲೇ ನಡೆದದ್ದು. ನನ್ನ ಗಂಡ ಕಾಂತರಾಜ್ ಅವರಿಗೆ ತಾವು ಆಡುವ ಕಾರ್ ರೇಸ್ ಗೇಮನ್ನು ಯೂಟ್ಯೂಬಿನಲ್ಲಿ ಲೈವ್ ತೋರಿಸುವ ಆಸೆ. ಅದಕ್ಕೆ ಗೇಮಿನ ಚಿತ್ರವನ್ನೂ ಸದ್ದನ್ನೂ ಲ್ಯಾಪ್‌ಟಾಪಿಗೆ ತಲುಪಿಸುವ ಕ್ಯಾಪ್ಚರ್ ಕಾರ್ಡ್ ಬೇಕು. ಬಂಗಾರಪೇಟೆಯ ಗೆಳೆಯನೊಬ್ಬ ಎರಡು ಕಾರ್ಡ್ ಕೊಟ್ಟು, ಚೆನ್ನಾಗಿರುವುದನ್ನು ಇಟ್ಟುಕೋ ಎಂದಿದ್ದ.

ಮಗಳನ್ನು ಒಳಕೋಣೆಯ ಚಾಪೆಯ ಮೇಲೆ ಆಡಲು ಬಿಟ್ಟು ನಾನೂ ನಡುಮನೆಯಲ್ಲಿ ಇವರ ಪಕ್ಕ ಕೂತೆ. ಮೊದಲ ಕಾರ್ಡಿನ ರೆಕಾರ್ಡಿಂಗಿನಲ್ಲಿ ಚಿತ್ರ ತಡವರಿಸುತ್ತಿತ್ತು. ಇಂಜಿನ್ ಸದ್ದಿನ ಹಿಂದೆ ಅವರೆಕಾಯಿ ಸುಲಿಯುವಂಥ ಚಟ್ ಚಟ್ ಕೇಳಿಸುತ್ತಿತ್ತು. ಕಾರ್ಡೇ ಸರಿಯಿಲ್ಲವೆಂದು ಎರಡನೆಯದನ್ನು ಸಿಕ್ಕಿಸಿದರು. ಚಿತ್ರ ತಿಳಿಯಾಯಿತು, ಆದರೆ ಚಟ್ ಚಟ್ ಇನ್ನೂ ಸ್ಪಷ್ಟವಾಯಿತು. ಮೈಕ್ ಆಫ್ ಆಗಿಯೇ ಇತ್ತು.

ನಮ್ಮತ್ತೆ ಪಾಪಕ್ಕ ಬದುಕಿದ್ದಾಗ ಮಗನ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ಕಾರು ತಿರುವಿಗೆ ಬಂದರೆ ಹೆದರಿ ಕೈ ನಿಲ್ಲಿಸುತ್ತಿದ್ದರು. ಮೊಮ್ಮಗಳು ಹುಟ್ಟುವ ಮುಂಚೆಯೇ ತೀರಿಕೊಂಡರು.

"ಇನ್ನೊಂದ್ಸಲ ಹಾಕ್ರೀ," ಎಂದೆ.

ಕಾರು ತಿರುವಿಗೆ ಬಂತು. ಸುಲಿಯುವ ಸದ್ದು ನಿಂತಿತು. ಅತ್ತೆಯ ದನಿ ಮೆಲ್ಲಗೆ ಹೇಳಿತು: "ಸೌಂಡ್ ಕಮ್ಮಿ ಮಾಡೋ ಕಾಂತ. ಪಾಪು ಈಗ್ತಾನೆ ಮಲ್ಗೈತೆ."

ಇವರ ಕಣ್ಣು ತುಂಬಿತು. "ಅಮ್ಮಂದೇ ಕಣೇ. ಈ ಕಾರ್ಡ್ನೇ ಇಟ್ಕೊಳಾನ," ಎಂದರು.

ನಾನು ಎದ್ದು ಒಳಗೆ ಹೋದೆ. ಚಾಪೆ ಖಾಲಿಯಿತ್ತು. ಮಗಳು ತೊಟ್ಟಿಲಲ್ಲಿ, ಕತ್ತಿನವರೆಗೂ ಹೊದ್ದು ನಿದ್ದೆ ಹೋಗಿದ್ದಳು. ಅವಳಿಗೆ ಆಗಿನ್ನೂ ಅಂಬೆಗಾಲಿಡಲೂ ಬರುತ್ತಿರಲಿಲ್ಲ.