ಕಾಯಿಸಿ ಆರಿಸಿದ ನೀರು

ಗುಬ್ಬಿ ಬೆಳೆದರೆ ನಾಟಕ ಕಂಪನಿಗೆ ಬೀಗ ಬೀಳುತ್ತದೆ. ಮಾಲೀಕನಿಗೆ ಇದರಲ್ಲಿ ಸಂಶಯವಿರಲಿಲ್ಲ. ಗುಬ್ಬಿ ಅವನ ತಂಗಿಯ ಮಗಳು. ವಯಸ್ಸು ಹತ್ತು, ನೋಡಿದರೆ ಆರು. ಅಷ್ಟು ಪುಟ್ಟ ಮೈಯಲ್ಲಿ ಅವಳು ಅಜ್ಜಿಯಂತೆ ಮಾತಾಡುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಈಗ ತಂಗಿ ಅವಳನ್ನು ಆಸ್ಪತ್ರೆಗೆ ಕರೆತಂದು ಎಲ್ಲ ಕೆಡಿಸಿದ್ದಳು.

ಮೆದುಳಿನ ಕೆಳಗೆ ಬಟಾಣಿ ಕಾಳಿನಷ್ಟು ದೊಡ್ಡ ಗ್ರಂಥಿ ಇದೆ, ಅದು ಬೆಳವಣಿಗೆಯ ಹಾರ್ಮೋನನ್ನು ಸಾಕಷ್ಟು ಬಿಡುತ್ತಿಲ್ಲ, ದಿನಾ ರಾತ್ರಿ ಇಂಜೆಕ್ಷನ್ ಕೊಡಬೇಕು ಎಂದರು ಡಾಕ್ಟರಮ್ಮ. ಇನ್ನೂ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ಮಾಲೀಕ ಎದ್ದಾಗಿತ್ತು. ಉಪಾಯ ಹೊಳೆದಿತ್ತು.

ತಂಗಿಗೆ ಸೂಜಿ ಕಂಡರೆ ತಲೆಸುತ್ತು. "ನಾನೇ ಚುಚ್ತೀನಿ ಬಿಡು," ಎಂದ.

"ನೀನಿದ್ದೀಯಲ್ಲ ಅಣ್ಣ, ಸಾಕು," ಎಂದು ಅವಳು ಕಣ್ಣೊರೆಸಿಕೊಂಡಳು.

ಮದ್ದು ಬಚ್ಚಲ ಪಾಲಾಯಿತು. ಸಿರಿಂಜಿಗೆ ಕಾಯಿಸಿ ಆರಿಸಿದ ನೀರು. ಮಗುವಿಗೆ ಸೋಂಕು ತಗಲಬಾರದಲ್ಲ. ಅಷ್ಟರ ಮಟ್ಟಿಗೆ ಅವನು ಜವಾಬ್ದಾರಿಯುಳ್ಳ ಮನುಷ್ಯ.

ಒಂದೇ ತೊಡಕು. ತಾಲೀಮಿನಲ್ಲಿ ಮಾತು ತಪ್ಪಿದರೆ ಅವನ ಕೈ ಮೊದಲು ಮಾತಾಡುತ್ತಿತ್ತು. ಅವನ ಚಪ್ಪಲಿ ಸದ್ದಿಗೇ ಹುಡುಗಿ ನಿದ್ದೆಯಿಂದೆದ್ದು ಗೋಡೆಗೆ ಅಂಟಿ ಕೂರುತ್ತಿದ್ದಳು. ಈಗ ಹೆದರಿ ಕಿರುಚಿದರೆ ತಂಗಿ ಒಳಗೆ ಬರುತ್ತಾಳೆ, ಸಿರಿಂಜು ನೋಡುತ್ತಾಳೆ. ಹಾಗಾಗಿ ಹೊಡೆಯುವುದನ್ನು ಬಿಟ್ಟ. ಮಂಚದ ಪಕ್ಕ ಕೂತು ಕತೆ ಹೇಳಿದ, ತಲೆ ಸವರಿದ, ಅವಳಿಗೆ ನಿದ್ದೆ ಹತ್ತುವವರೆಗೂ ಏಳಲಿಲ್ಲ. ಒಳ್ಳೆಯ ಮಾಮನ ಪಾತ್ರವನ್ನು ಇಷ್ಟು ಚೆನ್ನಾಗಿ ಯಾರೂ ಮಾಡಿರಲಾರರು ಎಂದು ಹೆಮ್ಮೆಪಟ್ಟ.

ತಿಂಗಳುಗಳು ಕಳೆದವು. ಒಂದು ದಿನ ಬಣ್ಣದ ಕೋಣೆಯಲ್ಲಿ ನೋಡಿದರೆ ಗುಬ್ಬಿಯ ಫ್ರಾಕು ಮಂಡಿ ಬಿಟ್ಟು ಮೇಲೇರಿತ್ತು. ಬಟ್ಟೆ ಕುಗ್ಗಿಸಿಬಿಟ್ಟೆಯಲ್ಲ ಎಂದು ದರ್ಜಿಗೆ ಬೈದ. ದರ್ಜಿ ಟೇಪು ಹಿಡಿದ. ಬಟ್ಟೆ ಕುಗ್ಗಿರಲಿಲ್ಲ.

"ಮಾಮ, ನಾನು ಉದ್ದ ಆಗಿದೀನಿ," ಎಂದು ಹುಡುಗಿ ಅವನ ಕೊರಳಿಗೆ ಜೋತುಬಿದ್ದಳು.

ಮೋಸಹೋದವನ ಸಿಟ್ಟು ಬಂತು ಅವನಿಗೆ. ಬರೀ ನೀರು ಕೊಟ್ಟೆ, ಆದರೂ ಬೆಳೆದಳು ಎಂದು ಯಾರ ಮುಂದೆ ಹೇಳಿಕೊಳ್ಳುವುದು?

ಮೂವರೂ ತಪಾಸಣೆಗೆ ಹೋದಾಗ ಡಾಕ್ಟರಮ್ಮ ಗುಬ್ಬಿಯ ರಕ್ತಪರೀಕ್ಷೆಯ ವರದಿ ನೋಡಿ ಕನ್ನಡಕ ತೆಗೆದರು. "ಹೊರಗಿಂದ ಹಾರ್ಮೋನ್ ಹೋಗ್ತಿದ್ರೆ ಒಳಗಿನ ಗ್ರಂಥಿ ಕೈಕಟ್ಟಿ ಕೂರುತ್ತೆ. ಇವಳದು ಭರ್ಜರಿಯಾಗಿ ಕೆಲಸ ಮಾಡ್ತಿದೆ. ಸಿರಿಂಜಲ್ಲಿ ಏನಿತ್ತು?" ತಂಗಿ ಅಣ್ಣನ ಮುಖ ನೋಡಿದಳು, ಎದ್ದು ಬಾಗಿಲಿಗೆ ಚಿಲಕ ಹಾಕಿದಳು. "ಅವತ್ತು ನೀವು ಪೂರ್ತಿ ಕೇಳಿಸಿಕೊಳ್ಳದೆ ಹೋದ್ರಿ," ಎಂದರು ಡಾಕ್ಟರಮ್ಮ. "ಮನೇಲಿ ಹೆದರಿಕೊಂಡೇ ಇರೋ ಮಕ್ಕಳಲ್ಲಿ ಒಂದೊಂದ್ಸಲ ಈ ಗ್ರಂಥಿ ಮುದುಡಿಕೊಂಡುಬಿಡುತ್ತೆ. ಯಾರಾದ್ರೂ ಪಕ್ಕ ಕೂತು, ಪ್ರೀತಿಯಿಂದ ನಿದ್ದೆ ಮಾಡಿಸಿದ್ರೆ ಮದ್ದಿಲ್ಲದೇನೇ ಸರಿಹೋಗುತ್ತೆ." ಮಾಲೀಕ ಏಳಲು ನೋಡಿದ. ಗುಬ್ಬಿ ಅವನ ಕೈ ಹಿಡಿದಿದ್ದಳು. ಅವಳ ಕೈ ಈಗ ಮೊದಲಿನಷ್ಟು ಪುಟ್ಟದಾಗಿರಲಿಲ್ಲ.