ಅಮ್ಮ ಕೂರುತ್ತಿದ್ದ ಕಡೆ

ಅಮ್ಮ ತೀರಿಕೊಂಡ ಮೇಲೆ ಅಕ್ಕ ತನ್ನ ಹಳೇ ಕಾರು ಮಾರಲು ಹೊರಟಳು. “ಪಕ್ಕದ ಖಾಲಿ ಸೀಟು ನೋಡ್ಕೊಂಡು ಓಡಿಸೋಕಾಗಲ್ಲ ಕಣೋ,” ಅಂದಳು. ಅಮ್ಮ ಯಾವಾಗಲೂ ಕಾಲು ತೊಳೆದು, ಒರೆಸದೆ ಕಾರು ಹತ್ತುವವರು. ಕಾರ್ಪೆಟ್ಟಿನಲ್ಲಿ ಎರಡು ಪಾದದ ಕಲೆ ನಿಂತುಬಿಟ್ಟಿತ್ತು.

ನಾನು ಆ ಸೀಟು ಬಿಚ್ಚಿ, ಕಾರ್ಪೆಟ್ ಹೊರಗೆಳೆದು, ಸೋಪಿನ ನೊರೆ ಹಾಕಿ ತಿಕ್ಕಿ ಬಿಸಿಲಿಗೆ ಹರವಿದೆ. ಕಲೆಯೇನೋ ಹೋಯಿತು. ಆದರೆ ಕಾರಿನೊಳಗೆ, ಬರಿಯ ತಗಡಿನ ಮೇಲೆ, ಎರಡು ಒದ್ದೆ ಪಾದದ ಗುರುತಿತ್ತು. ಒರೆಸಿದೆ. ಬಟ್ಟೆ ಹಿಂಡುವಷ್ಟರಲ್ಲಿ ಮತ್ತೆ ಮೂಡಿತ್ತು. ಸುಡುವ ತಗಡು ಅಲ್ಲಿ ಮಾತ್ರ ತಣ್ಣಗಿತ್ತು.

ಅಕ್ಕ ಬಂದು ಸ್ಟಿಯರಿಂಗ್ ಮುಂದೆ ಕೂತಳು. “ಇನ್ನೂ ಒಣಗಿಲ್ವೇನೋ? ಸಂಜೆ ಕೊಳ್ಳೋರು ಬರ್ತಾರೆ.”

“ಅಮ್ಮನ್ನೇ ಕೇಳು,” ಎಂದೆ, ತಮಾಷೆಗೆ.

ಅವಳು ನಗಲಿಲ್ಲ. “ಮಾರಲಾ ಅಮ್ಮ?” ಎಂದು ಮೆಲ್ಲಗೆ ಕೇಳಿದಳು.

ಬಗ್ಗಿ ನೋಡಿದೆ. ಅಷ್ಟು ಹೊತ್ತು ಮುಂದಕ್ಕಿದ್ದ ಆ ಒದ್ದೆ ಪಾದಗಳ ಬೆರಳುಗಳು ಈಗ ಅಕ್ಕನ ಕಡೆ ತಿರುಗಿದ್ದವು.